ಚಮಚದ ಮೇಲಿನ ನಿಂಬೆಹಣ್ಣು: ಹರಿದ ಭುಜಕ್ಕೆ ವ್ಯಾಯಾಮ ಏನು ಮಾಡುತ್ತದೆ?

ತರಗತಿಗೆ ಹೋದ ತಕ್ಷಣ ಬೋರ್ಡಿನ ಮೇಲ್ತುದಿಯಲ್ಲಿ ದಿನಾಂಕ ಬರೆಯುವುದು ನನ್ನ ಹಳೇ ಅಭ್ಯಾಸ. ಒಂದು ಸೋಮವಾರ ಸೀಮೆಸುಣ್ಣ ಹಿಡಿದ ಬಲಗೈ ಕಿವಿಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಎಡಗೈಯಿಂದ ಬಲ ಮೊಣಕೈಯನ್ನು ತಳ್ಳಿ ಹೇಗೋ ಬರೆದು ಮುಗಿಸಿದೆ. ಹಿಂದಿನ ಬೆಂಚಿನಿಂದ ಸಣ್ಣಗೆ ನಗು ಕೇಳಿಸಿತು. ಅದರ ಹಿಂದಿನ ವಾರ ಹಬ್ಬಕ್ಕೆ ಮನೆ ಒಪ್ಪ ಮಾಡುವಾಗ ಅಟ್ಟದಿಂದ ತಾಮ್ರದ ಹಂಡೆ ಇಳಿಸಿದ್ದೆ. ಆಗ ಲಟಕ್ ಅಂತ ಸದ್ದೂ ಬಂದಿರಲಿಲ್ಲ, ನಾನು ಬಿದ್ದೂ ಇರಲಿಲ್ಲ. ನಿಜ ಹೇಳಬೇಕೆಂದರೆ ಅದಕ್ಕೂ ಆರು ತಿಂಗಳ ಮೊದಲಿಂದಲೇ ರಾತ್ರಿ ಬಲಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತಿತ್ತು. ಐವತ್ತು ದಾಟಿದ ಮೇಲೆ ಇದೆಲ್ಲ ಇದ್ದದ್ದೇ ಅಂತ ಎಣ್ಣೆ ಹಚ್ಚಿಕೊಂಡು ಸುಮ್ಮನಿದ್ದೆ.

ಎಂಆರ್‌ಐ ವರದಿಯಲ್ಲಿ ಒಂದು ಪದ ಮಾತ್ರ ನನಗೆ ಅರ್ಥವಾಯಿತು. 'ಟೇರ್'. ಅಂದರೆ ಹರಿದಿದೆ. ಮನೆಯಲ್ಲಿ ಅದನ್ನು ಹೇಳಿದಾಗ ಹೆಂಡತಿ, "ರೀ, ಹರಿದಿದ್ದನ್ನ ಹೊಲಿಸದೆ ಹಾಗೇ ಬಿಡ್ತಾರಾ ಯಾರಾದ್ರೂ?" ಅಂದಳು. ಮೂಳೆ ಡಾಕ್ಟರು ಮಾತ್ರ ಹೊಲಿಗೆಯ ಮಾತೇ ಎತ್ತದೆ ಫಿಸಿಯೋಥೆರಪಿಗೆ ಬರೆದುಕೊಟ್ಟಿದ್ದರು. ಮೂರು ತಿಂಗಳು ಮಾಡಿ, ಆಮೇಲೆ ನೋಡೋಣ ಅಂತ. ರಬ್ಬರ್ ಪಟ್ಟಿ ಎಳೆದರೆ ಹರಿದದ್ದು ಕೂಡಿಕೊಳ್ಳುತ್ತದೆಯೇ? ನನಗೂ ಅನುಮಾನವೇ ಇತ್ತು. ಆ ಅನುಮಾನದ ಬೆನ್ನು ಹತ್ತಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಹರಿದ ಸ್ನಾಯುವಿನ ತುದಿ ವ್ಯಾಯಾಮದಿಂದ ಕೂಡಿಕೊಳ್ಳುವುದಿಲ್ಲ. ಹಾಗಿದ್ದರೂ ಬಹಳ ಜನರ ಕೈ ಮತ್ತೆ ಮೇಲೇಳುತ್ತದೆ. ಈ ಎರಡೂ ಮಾತು ಒಟ್ಟಿಗೆ ಹೇಗೆ ನಿಜವಾಗುತ್ತವೆ ಅನ್ನುವುದೇ ವಿಷಯ.

ಕಳ್ಳಾಟದ ಬೆರಳು

ಶಾಲೆಯ ಆಟೋಟದ ದಿನ ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡುವ ಸ್ಪರ್ಧೆ ಇರುತ್ತದಲ್ಲ, ಭುಜದ ಕೀಲು ಅದೇ. ತೋಳಿನ ಮೂಳೆಯ ಮೇಲ್ತುದಿ ದುಂಡಗಿನ ನಿಂಬೆಹಣ್ಣು. ಬೆನ್ನಿನ ಮೇಲ್ಭಾಗದಲ್ಲಿ ಚಪ್ಪಟೆಯಾದ, ತ್ರಿಕೋನದ ಮೂಳೆ ಇದೆ. ರೆಕ್ಕೆ ಮೂಳೆ ಅನ್ನುತ್ತೇವೆ. ಅದರ ಮೂಲೆಯಲ್ಲಿರುವ ಚಿಕ್ಕ ಕುಳಿಯೇ ಚಮಚ. ಸೊಂಟದ ಕೀಲು ಹೀಗಲ್ಲ. ಅಲ್ಲಿ ಉಂಡೆ ಆಳವಾದ ಬಟ್ಟಲಿನಲ್ಲಿ ಭದ್ರವಾಗಿ ಕೂತಿರುತ್ತದೆ. ಭುಜದ ಚಮಚಕ್ಕೆ ಆಳವೇ ಇಲ್ಲ. ಒಂದು ಹೊತ್ತಿಗೆ ಉಂಡೆಯ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗ ಮಾತ್ರ ಅದಕ್ಕೆ ತಾಗಿರುತ್ತದೆ. ಅದಕ್ಕೇ ಕೈ ಹಿಂದೆ, ಮುಂದೆ, ಮೇಲೆ, ಬೆನ್ನ ಹಿಂದೆ ಎಲ್ಲ ಕಡೆ ತಿರುಗುತ್ತದೆ. ಅದಕ್ಕೇ ಜಾರುವ ಭಯವೂ ಜಾಸ್ತಿ.

ಓಟದಲ್ಲಿ ಕಳ್ಳ ಹುಡುಗನೊಬ್ಬ ಇರುತ್ತಾನೆ. ಯಾರೂ ನೋಡದಾಗ ಬೆರಳಿನಿಂದ ಹಣ್ಣನ್ನು ಚಮಚಕ್ಕೆ ಒತ್ತಿ ಹಿಡಿಯುತ್ತಾನೆ. ಭುಜದಲ್ಲಿ ಆ ಬೆರಳೇ ರೊಟೇಟರ್ ಕಫ್. ಅಂಗಿಯ ತೋಳಿನ ತುದಿಯಲ್ಲಿ ಮಣಿಕಟ್ಟನ್ನು ಸುತ್ತುವ ಪಟ್ಟಿಯನ್ನು ಕಫ್ ಅಂತಾರಲ್ಲ, ಹಾಗೆ ಇದು ತೋಳಿನ ಮೂಳೆಯ ತಲೆಯನ್ನು ಸುತ್ತಿಕೊಂಡಿರುತ್ತದೆ. ಒಂದಲ್ಲ, ನಾಲ್ಕು ಸ್ನಾಯು. ನಾಲ್ಕೂ ರೆಕ್ಕೆ ಮೂಳೆಯಿಂದ ಹೊರಟು ಉಂಡೆಗೆ ಬಂದು ಅಂಟುತ್ತವೆ. ಮುಂದಿನಿಂದ ಸಬ್‌ಸ್ಕ್ಯಾಪ್ಯುಲಾರಿಸ್, ಕೈಯನ್ನು ಒಳಕ್ಕೆ ತಿರುಗಿಸಲು. ಹಿಂದಿನಿಂದ ಇನ್ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್, ಹೊರಕ್ಕೆ ತಿರುಗಿಸಲು. ತಲೆ ಬಾಚುವಾಗ ಕೆಲಸ ಮಾಡುವವು ಇವು. ಮೇಲಿನಿಂದ ಸುಪ್ರಾಸ್ಪೈನೇಟಸ್. ಈ ಹೆಸರು ನೆನಪಿಡಿ, ಬಹುತೇಕ ಹರಿಯುವುದು ಇದೇ.

ಇವು ಯಾವುವೂ ದೊಡ್ಡ ಸ್ನಾಯುಗಳಲ್ಲ. ಭುಜದ ಮೇಲೆ ಗುಂಡಗೆ ಎದ್ದು ಕಾಣುವ ಡೆಲ್ಟಾಯ್ಡ್ ಬೇರೆ. ಅದು ಪೈಲ್ವಾನ. ಕೈ ಎತ್ತುವ ಬಲ ಹೆಚ್ಚಾಗಿ ಅದರದ್ದೇ. ಆದರೆ ಪೈಲ್ವಾನನಿಗೆ ನಾಜೂಕು ಗೊತ್ತಿಲ್ಲ. ಅವನು ಎಳೆದರೆ ಉಂಡೆ ನೇರ ಮೇಲಕ್ಕೆ ಜಾರುತ್ತದೆ. ಮೇಲೆ ಮೂಳೆಯ ಸೂರು ಇದೆ. ಉಂಡೆಗೂ ಸೂರಿಗೂ ನಡುವೆ ಇರುವ ಇಕ್ಕಟ್ಟಾದ ಜಾಗದಲ್ಲಿ ಸುಪ್ರಾಸ್ಪೈನೇಟಸ್‌ನ ಹಗ್ಗದಂಥ ತುದಿ, ಅಂದರೆ ಟೆಂಡನ್, ಹಾದುಹೋಗುತ್ತದೆ. ಕಫ್‌ನ ನಾಲ್ಕೂ ಸೇರಿ ಉಂಡೆಯನ್ನು ಚಮಚದ ನಡುವಿಗೆ ಒತ್ತಿ, ಕೆಳಕ್ಕೆ ಹಿಡಿದಿಟ್ಟರೆ ಮಾತ್ರ ಪೈಲ್ವಾನನ ಎಳೆತ ಕೈಯನ್ನು ಎತ್ತುವ ತಿರುವಾಗುತ್ತದೆ. ಇಲ್ಲವಾದರೆ ಭುಜವೇ ಕಿವಿಯ ಕಡೆ ಏರುತ್ತದೆ, ಕೈ ಏರುವುದಿಲ್ಲ.

ಇನ್ನೊಂದು ಮಾತು. ಈ ಓಟದಲ್ಲಿ ಚಮಚ ಕೂಡ ಸುಮ್ಮನಿರುವುದಿಲ್ಲ. ಕೈ ಪೂರ್ತಿ ಮೇಲಕ್ಕೆ ಹೋಗುವ 180 ಡಿಗ್ರಿಯಲ್ಲಿ ಸುಮಾರು 120 ಮಾತ್ರ ಉಂಡೆಯ ಕೀಲಿನದ್ದು. ಉಳಿದ 60 ರೆಕ್ಕೆ ಮೂಳೆ ಬೆನ್ನ ಮೇಲೆ ತಿರುಗಿ ಕೊಡುವ ಲೆಕ್ಕ. ನಿಂಬೆಹಣ್ಣು ಎತ್ತ ಹೊರಳುತ್ತದೋ ಚಮಚವೂ ಅತ್ತ ವಾಲಬೇಕು. ಭುಜ ನೋವು ಅಂತ ಹೋದರೆ ಫಿಸಿಯೋಗಳು ಬೆನ್ನಿನ ಸ್ನಾಯುಗಳಿಗೆ ವ್ಯಾಯಾಮ ಕೊಡುವುದು ಇದಕ್ಕೇ. ನನಗೆ ಮೊದಲು ಇದು ಊರು ಬಿಟ್ಟು ಕಾಡು ಸೇರಿದ ಹಾಗೆ ಕಂಡಿತ್ತು.

ಹರಿದರೂ ಮಲಗಬಹುದಾದ ಹೊರಸು

ಹರಿಯುವುದು ಅಂದರೆ ಬಟ್ಟೆ ಪರ್ ಅಂತ ಸೀಳಿದ ಚಿತ್ರವೇ ಕಣ್ಣಿಗೆ ಬರುತ್ತದೆ. ಬಿದ್ದಾಗ, ಭುಜ ಜಾರಿದಾಗ ಹಾಗೆ ಆಗುವುದೂ ಉಂಟು. ಆದರೆ ಮಧ್ಯವಯಸ್ಸು ದಾಟಿದವರಲ್ಲಿ ಹೆಚ್ಚಿನದು ಸವೆತ. ಟೆಂಡನ್ನಿನ ಎಳೆಗಳು ವರ್ಷಗಟ್ಟಲೆ ಒಂದೊಂದಾಗಿ ಬಿಡುತ್ತಾ ಬರುತ್ತವೆ. ಹಂಡೆ ಇಳಿಸಿದ್ದು ಬರೀ ಕೊನೆಯ ನೆಪ.

1995ರಲ್ಲಿ ಅಮೆರಿಕದ ವೈದ್ಯರು ಒಂದು ಕೆಲಸ ಮಾಡಿದರು. ಭುಜದಲ್ಲಿ ಯಾವ ತೊಂದರೆಯೂ ಇಲ್ಲದ 96 ಜನರನ್ನು ಕರೆದು ಎಂಆರ್‌ಐ ಮಾಡಿದರು. ಮೂವರಲ್ಲಿ ಒಬ್ಬರಿಗೆ ಕಫ್ ಅಷ್ಟೋ ಇಷ್ಟೋ ಹರಿದಿತ್ತು. 60 ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ, 54 ಶೇಕಡಾ ಮಂದಿಗೆ. ಅವರಿಗೆ ನೋವೇ ಇರಲಿಲ್ಲ! ಅಂದರೆ ವರದಿಯಲ್ಲಿ ಹರಿದಂತೆ ಕಾಣುವುದಕ್ಕೂ ನೋವಿಗೂ ನೇರ ಸಂಬಂಧವಿಲ್ಲ. ದೊಡ್ಡದಾಗಿ ಹರಿದವರು ನೆಮ್ಮದಿಯಾಗಿ ತೆಂಗಿನಕಾಯಿ ಸುಲಿಯುತ್ತಿರಬಹುದು. ಚೂರೇ ಹರಿದವರು ರಾತ್ರಿಯಿಡೀ ಎದ್ದು ಕೂರಬಹುದು.

ಇದು ಹೇಗೆ? ಉತ್ತರ ಕರ್ನಾಟಕದ ಹಳ್ಳಿಗಳ ಹೊರಸು ನೋಡಿದ್ದೀರಾ? ಹಗ್ಗದಿಂದ ಹೆಣೆದ ಮಂಚ. ನಡುವೆ ನಾಲ್ಕು ಎಳೆ ಕಿತ್ತು ತೂತಾದರೂ ಅದರ ಮೇಲೆ ಮಲಗುತ್ತಾರೆ. ಭಾರವನ್ನು ಸುತ್ತಲಿನ ಹೆಣಿಗೆ ಹಂಚಿಕೊಳ್ಳುತ್ತದೆ. ಕಫ್‌ನಲ್ಲೂ ಹಾಗೇ. ಹೆಚ್ಚಾಗಿ ಹರಿಯುವ ತೆಳುವಾದ ಜಾಗದ ಸುತ್ತ ದಪ್ಪನೆಯ ನಾರಿನ ಪಟ್ಟಿಯೊಂದು ಕಮಾನಿನಂತೆ ಹಾದುಹೋಗುತ್ತದೆ. ಆ ಪಟ್ಟಿ ಗಟ್ಟಿಯಾಗಿದ್ದರೆ ನಡುವಿನ ತೂತು ಭಾರ ಹೊರುವ ಕೆಲಸಕ್ಕೆ ಅಷ್ಟಾಗಿ ಅಡ್ಡಿ ಮಾಡುವುದಿಲ್ಲ. ಉಳಿದ ಮೂರು ಸ್ನಾಯುಗಳು, ಹರಿದ ಸ್ನಾಯುವಿನಲ್ಲೇ ಉಳಿದ ಎಳೆಗಳು, ಬೆನ್ನಿನ ಸ್ನಾಯುಗಳು, ಇವೆಲ್ಲ ಕಲಿತುಕೊಂಡರೆ ನಿಂಬೆಹಣ್ಣನ್ನು ಚಮಚದ ಮೇಲೆ ನಿಲ್ಲಿಸಬಲ್ಲವು. ವ್ಯಾಯಾಮ ಮಾಡುವುದು ಇಷ್ಟೇ. ತೂತು ಮುಚ್ಚುವುದಿಲ್ಲ, ಸುತ್ತಲಿನ ಹೆಣಿಗೆಯನ್ನು ಬಿಗಿ ಮಾಡುತ್ತದೆ.

ಅಷ್ಟಕ್ಕೂ ಇದು ಕಫ್ ನೋವೇನಾ?

ಫಿಸಿಯೋ ಮೇಡಂ ಮೊದಲ ದಿನ ಮಾಡಿದ್ದು ಪರೀಕ್ಷೆ. ಅಂಗಿ ತೆಗೆಸಿ ಕನ್ನಡಿ ಮುಂದೆ ನಿಲ್ಲಿಸಿದರು. ಕೈ ಎತ್ತಿ ಅಂದರು. ಎಡಗೈ ಸಲೀಸಾಗಿ ಹೋಯಿತು. ಬಲಗಡೆ ಕೈಗಿಂತ ಮೊದಲು ಭುಜವೇ ಕಿವಿಗೆ ಅಂಟಿತು. ಯಾರೋ 'ಏನೋ ಗೊತ್ತಿಲ್ಲಪ್ಪ' ಅಂತ ಹೆಗಲು ಕುಣಿಸಿದ ಹಾಗೆ. ಆಮೇಲೆ ಮಲಗಿಸಿ, ನನ್ನ ಕೈಯನ್ನು ಅವರೇ ಹಿಡಿದು ನಿಧಾನವಾಗಿ ಎತ್ತಿದರು. ಪೂರ್ತಿ ಕಿವಿಯ ಪಕ್ಕಕ್ಕೆ ಹೋಯಿತು. "ನಿಮ್ಮ ಕೈ ಹೋಗುತ್ತೆ ಸರ್. ನಿಮಗೆ ಕಳಿಸೋಕೆ ಆಗ್ತಿಲ್ಲ ಅಷ್ಟೆ" ಅಂದರು.

ಈ ಒಂದು ವ್ಯತ್ಯಾಸ ಎಲ್ಲರಿಗೂ ಗೊತ್ತಿರಬೇಕು. ಭುಜ ನೋವು ಅಂದ ಕೂಡಲೇ ನಮ್ಮಲ್ಲಿ 'ಫ್ರೋಜನ್ ಶೋಲ್ಡರ್' ಅಂದುಬಿಡುತ್ತಾರೆ. ಅದು ಬೇರೆ ಕಾಯಿಲೆ. ಅದರಲ್ಲಿ ಕೀಲಿನ ಸುತ್ತಲಿನ ಚೀಲ ಗಡುಸಾಗಿ ಕುಗ್ಗುತ್ತದೆ. ನೀವು ಎತ್ತಿದರೂ ಹೋಗುವುದಿಲ್ಲ, ಬೇರೆಯವರು ಎತ್ತಿದರೂ ಹೋಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಜಾಸ್ತಿ. ಕಫ್ ತೊಂದರೆಯಲ್ಲಿ ಬೇರೆಯವರು ಎತ್ತಿದರೆ ಸಾಮಾನ್ಯವಾಗಿ ಹೋಗುತ್ತದೆ. ನೋವು ಭುಜದ ಹೊರಬದಿಯಲ್ಲಿ, ರಟ್ಟೆಯ ನಡುವಿನವರೆಗೆ ಬರುತ್ತದೆ. ಕೈಯನ್ನು ಪಕ್ಕದಿಂದ ಎತ್ತುವಾಗ ನಡುವಿನ ಒಂದು ಹಂತದಲ್ಲಿ, ಸುಮಾರು 60ರಿಂದ 120 ಡಿಗ್ರಿಯಲ್ಲಿ, ಜೋರಾಗಿ ಚುಚ್ಚಿ ಆಮೇಲೆ ಕಡಿಮೆಯಾಗುತ್ತದೆ. ನೋವು ಮೊಣಕೈ ದಾಟಿ ಬೆರಳಿಗಿಳಿದು ಜೋಮು ಹಿಡಿದರೆ ಕತ್ತಿನ ಕಡೆ ನೋಡಬೇಕು.

ಕಾಯಬಾರದ ಸಂದರ್ಭಗಳೂ ಇವೆ. ಸ್ಕೂಟರಿನಿಂದ ಬಿದ್ದೋ, ಜಾರಿ ಕೈಯೂರಿಯೋ ಅಲ್ಲಿಂದಾಚೆಗೆ ಕೈ ಎತ್ತಲು ಆಗುತ್ತಿಲ್ಲ ಅಂದರೆ ವ್ಯಾಯಾಮ ಹುಡುಕುತ್ತಾ ಕೂರಬೇಡಿ. ಆ ವಾರವೇ ಮೂಳೆ ಡಾಕ್ಟರ ಹತ್ತಿರ ಹೋಗಿ. ಹಾಗೆ ಹೊಸದಾಗಿ ಹರಿದದ್ದನ್ನು, ಅದರಲ್ಲೂ ವಯಸ್ಸು ಚಿಕ್ಕದಿದ್ದರೆ, ಬೇಗ ಹೊಲಿಯುವುದೇ ಲೇಸು. ತಡವಾದರೆ ಟೆಂಡನ್ ಹಿಂದಕ್ಕೆ ಸರಿಯುತ್ತದೆ, ಸ್ನಾಯು ಸೊರಗಿ ಕೊಬ್ಬು ತುಂಬುತ್ತದೆ, ಆಮೇಲೆ ಹೊಲಿದರೂ ನಿಲ್ಲುವುದಿಲ್ಲ. ಇನ್ನು ಭುಜ ಅಲ್ಲಾಡಿಸದಿದ್ದರೂ ಎಡಭುಜ ನೋಯುತ್ತಿದೆ, ಜೊತೆಗೆ ಎದೆ ಬಿಗಿತ, ಬೆವರು ಇದೆ ಅಂದರೆ ಅದು ಭುಜದ ಮಾತೇ ಅಲ್ಲ, ಹೃದಯದ್ದು. ಆಸ್ಪತ್ರೆಗೆ ಓಡಿ.

ಮೂಳೆ ಕೆರೆದ ಕಾಲ

ಡಾಕ್ಟರು ಮೂರು ತಿಂಗಳು ವ್ಯಾಯಾಮ ಅಂದದ್ದು ನನ್ನನ್ನು ಸಾಗಹಾಕಲು ಅಂತಲೇ ನಾನು ಅಂದುಕೊಂಡಿದ್ದೆ. ಹಾಗಲ್ಲ ಅನ್ನುವುದಕ್ಕೆ ಒಂದು ಕಥೆ ಇದೆ.

1972ರಲ್ಲಿ ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ನೀರ್ ಒಂದು ವಿವರಣೆ ಕೊಟ್ಟರು. ಉಂಡೆಯ ಮೇಲಿನ ಮೂಳೆಯ ಸೂರು ಟೆಂಡನ್ನನ್ನು ಉಜ್ಜುತ್ತದೆ, ನೋವಿಗೂ ಹರಿಯುವುದಕ್ಕೂ ಅದೇ ಕಾರಣ, ಸೂರನ್ನು ಕೆರೆದು ಜಾಗ ಮಾಡಿಕೊಟ್ಟರೆ ಸರಿಹೋಗುತ್ತದೆ ಅಂತ. ಕೇಳಲು ಎಷ್ಟು ಸರಿಯಾಗಿದೆ ಅಲ್ವಾ? ಬಾಗಿಲು ತಾಗುತ್ತಿದ್ದರೆ ಬಡಗಿ ಉಜ್ಜುಗೊರಡು ಹಾಕುತ್ತಾನಲ್ಲ, ಹಾಗೆ. ದಶಕಗಟ್ಟಲೆ ಲಕ್ಷಾಂತರ ಭುಜಗಳಲ್ಲಿ ಮೂಳೆ ಕೆರೆದರು. 2018ರಲ್ಲಿ ಬ್ರಿಟನ್ನಿನಲ್ಲಿ 300ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಕೆಲವರಿಗೆ ನಿಜವಾಗಿ ಮೂಳೆ ಕೆರೆದಿದ್ದರು. ಕೆಲವರಿಗೆ ಕ್ಯಾಮೆರಾ ಒಳಗೆ ಬಿಟ್ಟು ನೋಡಿ, ಏನೂ ಮಾಡದೆ ಹೊರಗೆ ತೆಗೆದಿದ್ದರು. ಯಾರಿಗೆ ಏನಾಗಿದೆ ಅಂತ ರೋಗಿಗಳಿಗೆ ಗೊತ್ತಿರಲಿಲ್ಲ. ಎರಡೂ ಗುಂಪಿನವರು ಒಂದೇ ರೀತಿ ಸುಧಾರಿಸಿದರು. ಇವರು ಪೂರ್ತಿ ಹರಿಯದ, ನೋವಿರುವ ಭುಜದವರು ಅನ್ನುವುದನ್ನು ಗಮನಿಸಿ.

ಪೂರ್ತಿ ಹರಿದವರ ಕಥೆ? ಫಿನ್‌ಲೆಂಡಿನಲ್ಲಿ 55 ದಾಟಿದವರ, ಪೆಟ್ಟಿಲ್ಲದೆ ಹರಿದ 180 ಭುಜಗಳನ್ನು ಮೂರು ಗುಂಪು ಮಾಡಿದರು. ಬರೀ ಫಿಸಿಯೋಥೆರಪಿ ಒಂದಕ್ಕೆ, ಮೂಳೆ ಕೆರೆದು ಫಿಸಿಯೋಥೆರಪಿ ಇನ್ನೊಂದಕ್ಕೆ, ಕೆರೆದು ಹೊಲಿದು ಫಿಸಿಯೋಥೆರಪಿ ಮತ್ತೊಂದಕ್ಕೆ. 2014ರಲ್ಲಿ ಬಂದ ಅದರ ವರದಿಯಲ್ಲಿ ಒಂದು ವರ್ಷದ ಹೊತ್ತಿಗೆ ಮೂವರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅಮೆರಿಕದಲ್ಲಿ 452 ಜನರಿಗೆ ಬರೀ ವ್ಯಾಯಾಮ ಕೊಟ್ಟು ನೋಡಿದಾಗ ಎರಡು ವರ್ಷದಲ್ಲಿ ಆಪರೇಷನ್ ಬೇಕು ಅಂದವರು ಕಾಲು ಭಾಗಕ್ಕಿಂತ ಕಡಿಮೆ. ಬೇಕು ಅಂದವರಲ್ಲಿ ಹೆಚ್ಚಿನವರು ಮೊದಲ 12 ವಾರದಲ್ಲೇ ಹಾಗಂದಿದ್ದರು. ನನ್ನ ಡಾಕ್ಟರ ಮೂರು ತಿಂಗಳ ಲೆಕ್ಕ ಗಾಳಿಯಲ್ಲಿ ಬಂದದ್ದಲ್ಲ. ಇದೇ ಅಧ್ಯಯನದ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಯಾರು ಆಪರೇಷನ್ನಿಗೆ ಹೋಗುತ್ತಾರೆ ಅಂತ ಮುಂಚೆಯೇ ಹೇಳಬಲ್ಲ ಅತಿ ದೊಡ್ಡ ಸುಳಿವು ಹರಿದ ಗಾತ್ರ ಆಗಿರಲಿಲ್ಲ. ವ್ಯಾಯಾಮದಿಂದ ಏನೂ ಆಗುವುದಿಲ್ಲ ಅಂತ ಶುರುವಿನಲ್ಲೇ ನಂಬಿದ್ದವರು ಜಾಸ್ತಿ ಹೋದರು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ನಾರ್ವೆಯಲ್ಲಿ 103 ಜನರನ್ನು ಹತ್ತು ವರ್ಷ ಬಿಡದೆ ಗಮನಿಸಿದಾಗ, ಮೊದಲೇ ಹೊಲಿಸಿಕೊಂಡವರು ಬರೀ ವ್ಯಾಯಾಮ ಮಾಡಿದವರಿಗಿಂತ ಕೊನೆಯಲ್ಲಿ ಸ್ವಲ್ಪ ಮುಂದಿದ್ದರು. ಹರಿದದ್ದು ಕೆಲವರಲ್ಲಿ ವರ್ಷ ಕಳೆದಂತೆ ದೊಡ್ಡದಾಗುತ್ತದೆ. ಹಾಗಾಗಿ 45ರ ಗಾರೆ ಕೆಲಸದವನಿಗೂ 72ರ ಅಜ್ಜಿಗೂ ಒಂದೇ ಉತ್ತರವಿಲ್ಲ. ನನ್ನ ವಯಸ್ಸಿಗೆ, ನನ್ನ ಕೆಲಸಕ್ಕೆ ಮೂರು ತಿಂಗಳು ಪ್ರಯತ್ನಿಸಿ ನೋಡುವುದು ಸರಿ ಅನ್ನಿಸಿತು.

ಮೊದಲ ವಾರಗಳು: ಗಂಟೆಯ ನಾಲಿಗೆ

ಮೊದಲು ನೋವು ತಣಿಯಬೇಕು. ನೋವಿದ್ದರೆ ಮೆದುಳು ಆ ಸ್ನಾಯುಗಳನ್ನು ಸರಿಯಾಗಿ ಕೆಲಸಕ್ಕೇ ಕರೆಯುವುದಿಲ್ಲ. ಹಾಗಂತ ಕೈಯನ್ನು ಜೋಳಿಗೆಯಲ್ಲಿ ಕಟ್ಟಿ ಇಡುವುದೂ ತಪ್ಪು. ಕೀಲು ಗಡುಸಾಗಿ ಎರಡನೇ ಕಾಯಿಲೆ ಬರುತ್ತದೆ.

ಮೇಜಿನ ಮೇಲೆ ಒಳ್ಳೆಯ ಕೈ ಊರಿ, ಸೊಂಟದಿಂದ ಮುಂದಕ್ಕೆ ಬಾಗಿ, ನೋಯುವ ಕೈಯನ್ನು ಇಳಿಬಿಡಬೇಕು. ದೇವಸ್ಥಾನದ ಗಂಟೆಯ ನಾಲಿಗೆಯ ಹಾಗೆ. ಆಮೇಲೆ ಮೈಯನ್ನು ತೂಗಿದರೆ ಕೈ ತಾನಾಗಿ ತೂಗುತ್ತದೆ. ಕೈಯನ್ನು ನಾವೇ ತಿರುಗಿಸಿದರೆ ಇದು ಕೆಟ್ಟಿತು. ನಾನು ಮೊದಲ ವಾರ ಅದನ್ನೇ ಮಾಡಿದೆ, ರಾಗಿ ಬೀಸಿದ ಹಾಗೆ ಗಿರಗಿರ. ಬಾಗಿದಾಗ ಕೈಯ ಭಾರವೇ ಉಂಡೆಯನ್ನು ಸೂರಿನಿಂದ ಕೆಳಕ್ಕೆ ಎಳೆದು ಜಾಗ ಮಾಡಿಕೊಡುತ್ತದೆ, ಸ್ನಾಯು ಸಡಿಲವಾಗಿರಬೇಕು ಅನ್ನುವುದೇ ಇದರ ಗುಟ್ಟು. ಇದಕ್ಕೆ ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ಹೆಸರು ಅಂಟಿಕೊಂಡಿದೆ. ಹರಿದ ಕಫ್ ಹೊಲಿದ ಮೊದಲಿಗರಲ್ಲಿ ಅವರೂ ಒಬ್ಬರು, 1909ರಷ್ಟು ಹಿಂದೆ.

ಮೇಜಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ಅಂಗೈ ಇಟ್ಟು, ಮೇಜು ಒರೆಸಿದ ಹಾಗೆ ಮುಂದಕ್ಕೆ ಜಾರಿಸುವುದು ಇನ್ನೊಂದು. ಮಲಗಿ ಎರಡೂ ಕೈಯಲ್ಲಿ ಕೋಲು ಹಿಡಿದು, ಒಳ್ಳೆಯ ಕೈಯ ಬಲದಿಂದ ನೋಯುವ ಕೈಯನ್ನು ಮೇಲಕ್ಕೆ ಒಯ್ಯುವುದು ಮತ್ತೊಂದು. ಕೈ ಹೋಗುವ ದಾರಿ ಮರೆಯದಿರಲಿ ಅಂತ ಇವೆಲ್ಲ.

ರಾತ್ರಿಯ ಉಪಾಯವೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಅದೇ ದೊಡ್ಡ ವರ. ನೋಯುವ ಮಗ್ಗುಲಿಗೆ ಮಲಗಬೇಡಿ. ಅಂಗಾತ ಮಲಗುವುದಾದರೆ ಮೊಣಕೈ ಕೆಳಗೆ ದಿಂಬು, ಒಳ್ಳೆಯ ಮಗ್ಗುಲಿಗೆ ಮಲಗುವುದಾದರೆ ಎದೆಗೆ ದಿಂಬು ಅಪ್ಪಿಕೊಂಡು ಅದರ ಮೇಲೆ ಕೈ. ತೋಳು ಜೋತುಬೀಳಬಾರದು, ಅಷ್ಟೇ.

ಇನ್ನು ಕರೆಂಟ್ ಕೊಡಿಸಿಕೊಳ್ಳುವ ವಿಷಯ. ನಮ್ಮ ಕಡೆ ಫಿಸಿಯೋಥೆರಪಿ ಅಂದರೆ ಕರೆಂಟ್ ಮತ್ತು ಶಾಖ ಅಂತಲೇ ಅರ್ಥ. ಯಂತ್ರ ಹಚ್ಚಿಸಿಕೊಂಡು ಹದಿನೈದು ನಿಮಿಷ ಮಲಗಿ ಬಂದರೆ ಕೆಲವರಿಗೆ ಹಾಯೆನಿಸುತ್ತದೆ, ಇರಲಿ. ಆದರೆ ಯಂತ್ರ ನಿಂಬೆಹಣ್ಣನ್ನು ಹಿಡಿಯಲು ಕಲಿಸುವುದಿಲ್ಲ. ಬರೀ ಯಂತ್ರ ಹಚ್ಚಿ, ವ್ಯಾಯಾಮ ಹೇಳಿಕೊಡದೆ ಕಳಿಸಿದರೆ ನೀವು ಕೊಟ್ಟ ಹಣಕ್ಕೆ ಅರ್ಧ ಚಿಕಿತ್ಸೆ ಮಾತ್ರ ಸಿಕ್ಕಿದೆ. ಭುಜಕ್ಕೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ನೂ ಹಾಗೇ, ಕೆಲವು ವಾರ ನೋವು ತಗ್ಗಿಸುತ್ತದೆ. ಆ ಬಿಡುವಿನಲ್ಲಿ ವ್ಯಾಯಾಮ ಮಾಡಿದರೆ ಮಾತ್ರ ಲಾಭ. ಸಕ್ಕರೆ ಕಾಯಿಲೆ ಇದ್ದರೆ ಇಂಜೆಕ್ಷನ್ ಆದ ಕೆಲವು ದಿನ ಶುಗರ್ ಏರುತ್ತದೆ ಅನ್ನುವುದು ನೆನಪಿರಲಿ.

ಹಳದಿ ಪಟ್ಟಿ, ಕೆಂಪು ಪಟ್ಟಿ

ಮೂರನೇ ವಾರ ಮೇಡಂ ಒಂದು ಗಜ ಹಳದಿ ರಬ್ಬರ್ ಪಟ್ಟಿ ಕೊಟ್ಟರು. ಇದಕ್ಕೆ ಬಣ್ಣದ ಲೆಕ್ಕವಿದೆ. ಸಾಮಾನ್ಯವಾಗಿ ಹಳದಿ ಸಡಿಲ, ಕೆಂಪು ಅದಕ್ಕಿಂತ ಬಿಗಿ, ಆಮೇಲೆ ಹಸಿರು, ನೀಲಿ, ಕಪ್ಪು. ಪಟ್ಟಿಗೆ ಗಂಟು ಹಾಕಿ, ಗಂಟು ಬಾಗಿಲ ಆಚೆಗಿರುವಂತೆ ಸಂದಿಯಲ್ಲಿ ಸಿಕ್ಕಿಸಿ, ಬಾಗಿಲು ಹಾಕಿ ಚಿಲಕ ಹಾಕಬೇಕು. ಆಚೆಯಿಂದ ಯಾರೂ ತೆಗೆಯದ ಹಾಗೆ ಮನೆಯಲ್ಲಿ ಹೇಳಿಡಿ. ನನ್ನ ಮಗ ಒಮ್ಮೆ ತೆಗೆದ. ಗಂಟು ಬಂದು ಮೂಗಿಗೆ ಬಡಿಯಿತು.

ಮುಖ್ಯವಾದ ವ್ಯಾಯಾಮ ಒಂದೇ ಅಂದರೆ ಇದು. ಬಲಗೈಗೆ ನೋವಿದ್ದರೆ ಬಾಗಿಲು ಎಡಕ್ಕಿರುವಂತೆ ನಿಲ್ಲಿ. ಕಂಕುಳಲ್ಲಿ ಟವೆಲನ್ನು ಸುರುಳಿ ಸುತ್ತಿ ಇಟ್ಟುಕೊಳ್ಳಿ. ಮೊಣಕೈ ನೇರ ಕೋನಕ್ಕೆ ಮಡಿಸಿ, ಪಕ್ಕೆಗೆ ಅಂಟಿಸಿ. ಪಟ್ಟಿಯನ್ನು ಹೊಟ್ಟೆಯ ಮುಂದಿನಿಂದ ಹೊರಕ್ಕೆ ಎಳೆಯಿರಿ. ಮುಂಗೈ ಬಾಗಿಲಿನ ಹಾಗೆ ತೆರೆದುಕೊಳ್ಳಬೇಕು, ಮೊಣಕೈ ಆ ಬಾಗಿಲಿನ ತಿರುಗಣಿ. ಟವೆಲ್ ಬಿದ್ದರೆ ನೀವು ಮೋಸ ಮಾಡುತ್ತಿದ್ದೀರಿ, ಕಫ್ ಬದಲು ಪೈಲ್ವಾನನೇ ಎಳೆಯುತ್ತಿದ್ದಾನೆ ಅಂತ ಅರ್ಥ. ನನ್ನ ಟವೆಲ್ ಮೊದಲ ದಿನ ಏಳು ಸಲ ಬಿತ್ತು. ಹೊರಕ್ಕೆ ಎಳೆದದ್ದಕ್ಕಿಂತ ನಿಧಾನವಾಗಿ ಒಳಕ್ಕೆ ಬಿಡಬೇಕು, ಮನಸ್ಸಲ್ಲಿ ಮೂರು ಎಣಿಸುತ್ತಾ. ಪಟ್ಟಿ ಕೈಯನ್ನು ಎಳೆದುಕೊಂಡು ಹೋಗಲು ಬಿಡಬಾರದು. ಹಾಗೆ ತಡೆದು ಬಿಡುವಾಗಲೂ ಸ್ನಾಯು ಅಷ್ಟೇ ದುಡಿಯುತ್ತದೆ.

ಮುಖ ತಿರುಗಿಸಿ ನಿಂತು ಒಳಕ್ಕೆ ಎಳೆದರೆ ಮುಂದಿನ ಸ್ನಾಯುವಿಗೆ ಕೆಲಸ. ಎದೆಯ ಮಟ್ಟಕ್ಕೆ ಪಟ್ಟಿ ಕಟ್ಟಿ, ಎರಡೂ ಮೊಣಕೈಯನ್ನು ಹಿಂದಕ್ಕೆ ಎಳೆದು, ರೆಕ್ಕೆ ಮೂಳೆಗಳನ್ನು ಹತ್ತಿರ ತಂದರೆ ಚಮಚ ಹಿಡಿಯುವ ಸ್ನಾಯುಗಳಿಗೆ ಕೆಲಸ. ಗೋಡೆಗೆ ಕೈಯೂರಿ ದಂಡ ಹೊಡೆದು, ಕೊನೆಯಲ್ಲಿ ಇನ್ನೊಂದು ಚೂರು ತಳ್ಳಿದರೂ ಅಷ್ಟೇ. "ಸರ್, ಭುಜ ಕಿವಿ ಹತ್ರ ಹೋಗ್ತಿದೆ, ಇಳಿಸಿ" ಅನ್ನುವ ಮಾತನ್ನು ಆ ಮೂರು ತಿಂಗಳಲ್ಲಿ ಎಷ್ಟು ಸಲ ಕೇಳಿದೆನೋ. ಈಗ ನಾನೇ ಮಕ್ಕಳಿಗೆ ಹೇಳುತ್ತೇನೆ.

ಹತ್ತರಿಂದ ಹದಿನೈದು ಸಲ, ಹಾಗೆ ಎರಡು ಮೂರು ಸುತ್ತು, ದಿನ ಬಿಟ್ಟು ದಿನ. ಮೂರು ಸುತ್ತೂ ಹದಿನೈದು ಸಲೀಸಾದರೆ ಮುಂದಿನ ಬಣ್ಣ. ಸ್ನಾಯು ಬಲಿಯುವುದು ದಣಿದಾಗ ಅಲ್ಲ, ದಣಿದು ಸುಧಾರಿಸಿಕೊಳ್ಳುವಾಗ. ಅದಕ್ಕೇ ನಡುವಿನ ದಿನ ಬಿಡುವುದು.

ನೋವಾದರೆ? ಇಲ್ಲೇ ಹೆಚ್ಚಿನವರು ಎಡವುವುದು. ಕೆಲವರು ಚೂರು ನೋವಿಗೆ ಹೆದರಿ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು, ನನ್ನ ಹಾಗೆ, ಹಲ್ಲು ಕಚ್ಚಿ ಎಳೆಯುತ್ತಾರೆ. ನನಗೆ ಹೇಳಿಕೊಟ್ಟ ಅಳತೆ ಇದು: ಹತ್ತಕ್ಕೆ ನಾಲ್ಕರವರೆಗಿನ ನೋವು ನಡೆಯುತ್ತದೆ, ಆದರೆ ಮರುದಿನ ಬೆಳಗ್ಗೆ ಎದ್ದಾಗ ಅದು ಹಳೇ ಮಟ್ಟಕ್ಕೆ ಇಳಿದಿರಬೇಕು. ಇಳಿದಿಲ್ಲ ಅಂದರೆ ನಿನ್ನೆ ಜಾಸ್ತಿಯಾಯಿತು, ಇವತ್ತು ಕಡಿಮೆ ಮಾಡಿ. ನಿಲ್ಲಿಸಬೇಡಿ. ಐದನೇ ವಾರ ಕೆಂಪು ಪಟ್ಟಿಗೆ ಆತುರಪಟ್ಟು ಹೋಗಿ ಎರಡು ರಾತ್ರಿ ನಿದ್ದೆಗೆಟ್ಟೆ, ಮತ್ತೆ ಹಳದಿಗೆ ಬಂದೆ.

ಆರೇಳು ವಾರ ಕಳೆದ ಮೇಲೆ ಭುಜದ ಮಟ್ಟ ದಾಟುವ ಕೆಲಸ. ಗೋಡೆಯ ಮೇಲೆ ಬೆರಳು ನಡೆಸಿ ಕೈಯನ್ನು ಮೇಲೇರಿಸುವುದು. ಆಮೇಲೆ ಅರ್ಧ ಕೆಜಿ ತೊಗರಿಬೇಳೆ ಪ್ಯಾಕೆಟ್ ಹಿಡಿದು, ಹೆಬ್ಬೆರಳು ಮೇಲಕ್ಕಿರುವಂತೆ ಎತ್ತುವುದು. ನೇರ ಪಕ್ಕಕ್ಕೂ ಅಲ್ಲ, ನೇರ ಮುಂದಕ್ಕೂ ಅಲ್ಲ, ನಡುವೆ ಓರೆಯಾಗಿ. ರೆಕ್ಕೆ ಮೂಳೆ ಬೆನ್ನ ಮೇಲೆ ಆ ಓರೆಯಲ್ಲೇ ಕೂತಿರುವುದರಿಂದ ಉಂಡೆಗೆ ಸಲೀಸು ದಾರಿ ಅದೇ. ಕೊನೆಯ ಹಂತ ಅವರವರ ಬದುಕಿಗೆ ತಕ್ಕಂತೆ. ಅಡುಗೆ ಮಾಡುವವರಿಗೆ ಮೇಲಿನ ಗೂಡಿನ ಡಬ್ಬಿ, ಬ್ಯಾಡ್ಮಿಂಟನ್ ಆಡುವವರಿಗೆ ಸ್ಮ್ಯಾಶ್. ನನಗೆ ಬೋರ್ಡು. ಮೇಡಂ ಗೋಡೆಗೆ ಒಂದು ಕಾಗದ ಅಂಟಿಸಿ, ವಾರಕ್ಕೆ ಒಂದು ಗೇಣು ಮೇಲಕ್ಕೆ ಸರಿಸಿ ಬರೆಸುತ್ತಿದ್ದರು.

ದಿನಾ ಸೆಂಟರಿಗೆ ಹೋಗಬೇಕೇ? ಹತ್ತಿರದಲ್ಲಿ ಫಿಸಿಯೋ ಇಲ್ಲದ ಊರಿನವರು ಇದನ್ನು ಕೇಳುತ್ತಾರೆ. 2021ರಲ್ಲಿ ಬ್ರಿಟನ್ನಿನಲ್ಲಿ 708 ಜನರ ಮೇಲೆ ಇದನ್ನೇ ಪರೀಕ್ಷಿಸಿದರು. ಕೆಲವರಿಗೆ ಆರರವರೆಗೆ ಭೇಟಿ, ಕೆಲವರಿಗೆ ಒಂದೇ ಒಂದು ಭೇಟಿ, ಆದರೆ ಆ ಒಂದರಲ್ಲಿ ಮನೆಯ ವ್ಯಾಯಾಮ ಚೆನ್ನಾಗಿ ಕಲಿಸಿ, ಬರೆದೂ ಕೊಟ್ಟಿದ್ದರು. ವರ್ಷದ ಕೊನೆಗೆ ಇಬ್ಬರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದರಲ್ಲಿ ಪೂರ್ತಿ ಹರಿದವರಿಗಿಂತ ಕಫ್ ನೋವಿನವರೇ ಇದ್ದರು ನಿಜ. ಆದರೂ ನನಗನ್ನಿಸುವುದು, ಮನೆಯ ಬಾಗಿಲಿಗೆ ಕಟ್ಟಿದ ಪಟ್ಟಿ ಸೆಂಟರಿನ ಹತ್ತು ಯಂತ್ರಕ್ಕಿಂತ ಮೇಲು.

ಹೊಲಿಸಿಕೊಂಡವರಿಗೆ ಬೇರೆ ಲೆಕ್ಕ

ಆಪರೇಷನ್ ಆದವರು ಮೇಲಿನದನ್ನು ಹಾಗೇ ಮಾಡಬಾರದು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಪಕ್ಕದ ಮನೆಯವರ ಪಟ್ಟಿ ಎರವಲು ಪಡೆದು ಎಳೆಯುವವರಿದ್ದಾರೆ.

ಮಾವಿಗೆ ಕಸಿ ಕಟ್ಟುವುದನ್ನು ನೋಡಿದ್ದರೆ ಇದು ಸುಲಭ. ಕಟ್ಟಿದ ದಾರ ಕೊಂಬೆಯನ್ನು ಹಿಡಿದಿರುತ್ತದೆ ಅಷ್ಟೆ, ಬೆಸೆಯುವುದು ಗಿಡದ ಕೆಲಸ. ಬೆಸೆಯುವ ಮೊದಲು ಅಲ್ಲಾಡಿಸಿದರೆ ಕಸಿ ಸತ್ತಂತೆ. ಹೊಲಿಗೆಯೂ ಟೆಂಡನ್ನನ್ನು ಮೂಳೆಗೆ ಒತ್ತಿ ಹಿಡಿದಿರುತ್ತದೆ. ಅದು ಮೂಳೆಗೆ ತಕ್ಕಮಟ್ಟಿಗೆ ಬೆಸೆದುಕೊಳ್ಳಲು ಸುಮಾರು 12 ವಾರ ಬೇಕು. ಹಾಗಾಗಿ ಮೊದಲ ನಾಲ್ಕರಿಂದ ಆರು ವಾರ ಜೋಳಿಗೆಯಲ್ಲಿ ಕೈ. ಬೆರಳು, ಮಣಿಕಟ್ಟು, ಮೊಣಕೈ ಆಡಿಸಬಹುದು. ಭುಜವನ್ನು ಬೇರೆಯವರು ಅಥವಾ ಇನ್ನೊಂದು ಕೈ ಎತ್ತಬೇಕೇ ಹೊರತು ಆ ಸ್ನಾಯು ತಾನೇ ಎಳೆಯಬಾರದು. ಆರು ವಾರದ ಸುಮಾರಿಗೆ ಸ್ವಂತ ಬಲದಿಂದ ಎತ್ತುವುದು ಶುರು. ಪಟ್ಟಿ, ತೂಕ ಎಲ್ಲ 12 ವಾರ ಕಳೆದ ಮೇಲೆ. ಭಾರದ ಕೆಲಸ, ಆಟ ಆರು ತಿಂಗಳ ಆಚೆಗೆ. ಹರಿದದ್ದು ದೊಡ್ಡದಿದ್ದರೆ ಇನ್ನೂ ನಿಧಾನ, ಅದನ್ನು ಒಳಗೆ ಕಣ್ಣಾರೆ ನೋಡಿದ ಶಸ್ತ್ರವೈದ್ಯರೇ ಹೇಳಬೇಕು. ಎರಡನೇ ತಿಂಗಳಲ್ಲಿ ನೋವೆಲ್ಲ ಹೋಗಿ ಕೈ ಹಗುರಾದಂತೆ ಅನ್ನಿಸುತ್ತದೆ. ಅದೇ ಅಪಾಯದ ಹೊತ್ತು. ಬೀಡಿ ಸಿಗರೇಟು ಸೇದುವವರಿಗೆ, ಶುಗರ್ ಹತೋಟಿಯಲ್ಲಿಲ್ಲದವರಿಗೆ ಬೆಸುಗೆ ತಡವಾಗುತ್ತದೆ.

ಹದಿನಾಲ್ಕನೇ ವಾರ ನನ್ನ ದಿನಾಂಕ ಬೋರ್ಡಿನ ಮೇಲ್ತುದಿಗೆ ಮರಳಿತು. ಅಕ್ಷರ ಸ್ವಲ್ಪ ಸೊಟ್ಟ. ಎಂಆರ್‌ಐ ಮತ್ತೆ ಮಾಡಿಸಿದರೆ ತೂತು ಅಲ್ಲೇ ಇರುತ್ತದೆ, ಡಾಕ್ಟರು ಮಾಡಿಸಲೂ ಇಲ್ಲ. ವಾರಕ್ಕೆ ಎರಡು ದಿನ ಹಸಿರು ಪಟ್ಟಿ ಎಳೆಯುತ್ತೇನೆ. ಹಂಡೆ ಮಾತ್ರ ಇನ್ನೂ ಬಚ್ಚಲಮನೆಯ ಮೂಲೆಯಲ್ಲೇ ಕೂತಿದೆ. ಅದನ್ನು ಅಟ್ಟಕ್ಕೆ ಏರಿಸುವುದು ಬಾಗಿಲು ತೆಗೆದವನ ಪಾಲಿನ ಕೆಲಸ ಅಂತ ಮನೆಯಲ್ಲಿ ತೀರ್ಮಾನವಾಗಿದೆ.